ಬ್ಯಾಟರಿಯ ಹತ್ತಿರ ಕಿಡಿ ಏಕೆ ಕೂಡದು?

ಮಕ್ಕಳೇ, ಕಲಬುರಗಿ ಮತ್ತು ಕಮಲಾಪುರದ ನಡುವೆ ಓಡಾಡುವ ಕಾರು, ಜೀಪುಗಳಲ್ಲಿ ಬ್ಯಾಟರಿ ಇರುತ್ತದೆ. ಅದರೊಳಗೆ ಸಾಮಾನ್ಯವಾಗಿ ಆರು ಕೋಶಗಳು. ಒಂದೊಂದಕ್ಕೆ ಸುಮಾರು 2 ವೋಲ್ಟ್. ಒಟ್ಟು 12 ವೋಲ್ಟ್. ಕೋಶಗಳಲ್ಲಿ ಸೀಸದ ಫಲಕಗಳೂ ನೀರು ಬೆರೆತ ಸಲ್ಫ್ಯೂರಿಕ್ ಆಮ್ಲವೂ ಇರುತ್ತವೆ.

ಚಾರ್ಜು ತುಂಬುತ್ತ ಬಂದಂತೆ ವಿದ್ಯುತ್ತು ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ. ಗಾಳಿಯಲ್ಲಿ ಶೇ. 4ರಷ್ಟು ಜಲಜನಕ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳಬಹುದು. ಬ್ಯಾಟರಿ ಸಿಡಿದು ಆಮ್ಲ ಚಿಮ್ಮಬಹುದು. ಆದ್ದರಿಂದ ಗಾಳಿಯಾಡುವ ಜಾಗ ಬೇಕು. ಬೀಡಿ, ಬೆಂಕಿ ಬೇಡ.

ಕೆಂಪು ಕ್ಲಿಪ್ಪನ್ನು + ಗುರುತಿಗೆ, ಕಪ್ಪನ್ನು − ಗುರುತಿಗೆ ಹಾಕಿದ ಮೇಲೆಯೇ ಚಾರ್ಜರಿನ ಸ್ವಿಚ್ ಹಾಕಬೇಕು. ಸ್ವಿಚ್ ಆರಿಸಿದ ಮೇಲೆಯೇ ಕ್ಲಿಪ್ಪು ತೆಗೆಯಬೇಕು. ಇಲ್ಲದಿದ್ದರೆ ಅಲ್ಲೇ ಕಿಡಿ ಹಾರೀತು!

ಆಮ್ಲ ತಾಗಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಇದು ದೊಡ್ಡವರ ಕೆಲಸ. ನೀವು ದೂರದಿಂದಲೇ ನೋಡಿ.