ಯಾವುದಕ್ಕೂ ಇರಲಿ ಎಂದು ಕೊಡುವ ಇಂಜೆಕ್ಷನ್

ಚರ್ಮ ಹರಿಯದೆ ಒಳಗೇ ಕಾಲು ಮುರಿದ ನಾಯಿಗೆ ಕಟ್ಟು ಹಾಕಿ, ಯಾವುದಕ್ಕೂ ಇರಲಿ ಎಂದು ವಾರಗಟ್ಟಲೆ ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಕೊಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಇಂಜೆಕ್ಷನ್ ಚುಚ್ಚದೆ ಕಳುಹಿಸಿದರೆ ಸಾಕಿದವರಿಗೆ ಸಮಾಧಾನವಿಲ್ಲ; ಅದೇಕೆ ಬೇಡವೆಂದು ವಿವರಿಸುವ ತಾಳ್ಮೆ ಚೀಟಿ ಬರೆಯುವ ವೈದ್ಯರಿಗಿಲ್ಲ. ಈ ಇಬ್ಬರ ನಡುವೆ ಸೋಲುವುದು ಮೂಳೆ. ಪಶುವೈದ್ಯ ವೃತ್ತಿ ನನಗೆ ಕಲಿಸಿದ ಪಾಠ ಇದು: ಸೋಂಕಿಲ್ಲದ ಕಡೆ ಕೊಟ್ಟ ಆ್ಯಂಟಿಬಯಾಟಿಕ್ ಸುಮ್ಮನೆ ಬಂದು ಹೋಗುವುದಿಲ್ಲ.

ಇದಕ್ಕೆ ಪುರಾವೆ 2000ದಲ್ಲೇ ಪ್ರಕಟವಾಗಿದೆ. ತೊಡೆಮೂಳೆ ಮುರಿದ 60 ಇಲಿಗಳನ್ನು ಮೂರು ಗುಂಪು ಮಾಡಿ, ಮುರಿತವಾಗಿ ಏಳು ದಿನಗಳ ನಂತರ ಒಂದಕ್ಕೆ ಸಿಪ್ರೊಫ್ಲಾಕ್ಸಾಸಿನ್, ಇನ್ನೊಂದಕ್ಕೆ ಸೆಫಜೋಲಿನ್ ಅನ್ನು ಮೂರು ವಾರ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಮೂಳೆಯನ್ನು ತಿರುಚಿ ನೋಡಿದಾಗ, ಸಿಪ್ರೊಫ್ಲಾಕ್ಸಾಸಿನ್ ಪಡೆದವುಗಳ ಬೆಸುಗೆಯ ಬಲ ಔಷಧಿ ಪಡೆಯದವುಗಳಿಗಿಂತ ಶೇ 16ರಷ್ಟು, ಬಿಗಿತ ಶೇ 49ರಷ್ಟು ಕಡಿಮೆಯಿತ್ತು. ಎಕ್ಸ್-ರೇಯಲ್ಲೂ ಅವು ಹಿಂದೆ ಬಿದ್ದಿದ್ದವು. ಸೆಫಜೋಲಿನ್ ಗುಂಪಿನ ಎಕ್ಸ್-ರೇಯಲ್ಲಿ ಅಂಥ ಹಿನ್ನಡೆ ಕಾಣಲಿಲ್ಲ. ಕಾರಣ ಬೆಸುಗೆಯ ಕ್ರಮದಲ್ಲೇ ಇದೆ. ಮುರಿದ ತುದಿಗಳ ನಡುವೆ ಮೊದಲು ಮೃದ್ವಸ್ಥಿ ಬೆಳೆಯುತ್ತದೆ, ಆಮೇಲೆ ಅದೇ ಮೂಳೆಯಾಗಿ ಗಟ್ಟಿಯಾಗುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಪಡೆದ ಇಲಿಗಳಲ್ಲಿ ಆ ಮೃದ್ವಸ್ಥಿಯ ಜೀವಕೋಶಗಳೇ ಕಡಿಮೆಯಾಗಿದ್ದವು. ಎನ್ರೋಫ್ಲಾಕ್ಸಾಸಿನ್ ಕೂಡ ಸಿಪ್ರೊಫ್ಲಾಕ್ಸಾಸಿನ್ ಸೇರಿದ ಔಷಧಿ ಗುಂಪಿನದೇ. ನಾಯಿಯ ದೇಹದಲ್ಲಿ ಅದರ ಒಂದು ಪಾಲು ಸಿಪ್ರೊಫ್ಲಾಕ್ಸಾಸಿನ್ ಆಗಿಯೇ ಮಾರ್ಪಡುತ್ತದೆ.

ಇಲಿಯ ಲೆಕ್ಕ ನಾಯಿಗೆ ಹೊಂದೀತೇ ಎಂದು ಕೇಳುವವರಿದ್ದಾರೆ. ಶೇಕಡಾವಾರು ಅಂಕಿ ಹಾಗೆಯೇ ಹೊಂದದಿರಬಹುದು. ಆದರೆ ಬೆಳೆಯುವ ನಾಯಿಮರಿಗಳ ಕೀಲಿನ ಮೃದ್ವಸ್ಥಿಗೆ ಈ ಗುಂಪಿನ ಔಷಧಿಗಳು ಹಾನಿ ಮಾಡುತ್ತವೆಂಬುದು ಎಲ್ಲ ಪಶುವೈದ್ಯರಿಗೂ ಗೊತ್ತು. ಗೊತ್ತಿದ್ದೂ ಮುರಿತದಲ್ಲಿ ಅದನ್ನು ಮರೆಯುವುದೇಕೆ? ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಕೀವು ತುಂಬಿದರೆ ಮೂಳೆ ಕೂಡುವುದೇ ಇಲ್ಲವಲ್ಲ? ನಿಜ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ಆ್ಯಂಟಿಬಯಾಟಿಕ್ ತಡಮಾಡದೆ ಕೊಡಲೇಬೇಕು. ಅಲ್ಲಿಯೂ ಸೆಫಜೋಲಿನ್‌ನಂಥ ಔಷಧಿಯಿಂದ ಆರಂಭಿಸಬಹುದು. ಬೇರೆಯದು ಬೇಕೇ ಎಂಬುದನ್ನು ಕಲ್ಚರ್ ಪರೀಕ್ಷೆ ಹೇಳಲಿ.

ಸಾಕಿದವರಿಗೆ ನನ್ನ ಮಾತು ಇಷ್ಟೆ: ಗಾಯವಿಲ್ಲದ ಮುರಿತಕ್ಕೆ ಆ್ಯಂಟಿಬಯಾಟಿಕ್ ಬರೆದರೆ ಏಕೆ, ಎಷ್ಟು ದಿನ ಎಂದು ಕೇಳಿ. ಉಳಿದ ಮಾತ್ರೆಯನ್ನು ನೀವೇ ಮುಂದುವರಿಸಬೇಡಿ. ಕಟ್ಟು ಅಲುಗದಂತೆ ನೋಡಿಕೊಂಡು ಪ್ರಾಣಿಯನ್ನು ಓಡಾಡಲು ಬಿಡದಿದ್ದರೆ ಮೂಳೆ ಕೂಡಲು ಬೇಕಾದ ಮುಖ್ಯ ಆರೈಕೆ ಮಾಡಿದಂತೆಯೇ.