ಕಂಪ್ಯೂಟರಿನ ಕಾವಲುಗಾರ

ಮೈಸೂರು ನಗರದ ಹಳೆಯ ಬಡಾವಣೆಗಳಲ್ಲಿ ಕೃಷ್ಣಮೂರ್ತಿಪುರಂ ಒಂದು. ೧೯೦೧ರಿಂದ ೧೯೦೬ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಪಿ. ಎನ್. ಕೃಷ್ಣಮೂರ್ತಿಯವರ ಹೆಸರನ್ನು ಅದು ಹೊತ್ತಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಮೈಸೂರನ್ನು ಹೊಕ್ಕು ಅನೇಕರನ್ನು ಬಲಿ ತೆಗೆದುಕೊಂಡಿತು. ಇಕ್ಕಟ್ಟಾದ ಕೇರಿಗಳೂ ಕೊಳಚೆಯೂ ಇಲಿಗಳಿಗೆ ಆಶ್ರಯವಾಗಿದ್ದುವು. ಇಲಿಯ ಮೈಮೇಲಿನ ಚಿಗಟವು ರೋಗವನ್ನು ಮನೆಯಿಂದ ಮನೆಗೆ ಒಯ್ಯುತ್ತಿದ್ದಿತು. ೧೯೦೩ರಲ್ಲಿ ನಗರ ಸುಧಾರಣಾ ಮಂಡಳಿಯು ಸ್ಥಾಪಿತವಾಯಿತು. ಅಗಲವಾದ ಬೀದಿಗಳುಳ್ಳ ಹೊಸ ಬಡಾವಣೆಗಳು ತಲೆಯೆತ್ತಿದುವು. ರೋಗ ಬಂದ ಮೇಲೆ ಔಷಧವನ್ನು ಹುಡುಕುವುದಕ್ಕಿಂತ ಅದು ಬರುವ ದಾರಿಯನ್ನು ಮುಚ್ಚುವುದು ಮೇಲು ಎಂಬ ಪಾಠವನ್ನು ಊರು ಹೀಗೆ ಕಲಿಯಿತು. ಒಂದು ಶತಮಾನ ಕಳೆದ ಬಳಿಕ, ಇದೇ ಬಡಾವಣೆಯ ಮನೆಯೊಂದು ಆ ಪಾಠವನ್ನೇ ಮತ್ತೊಂದು ರೀತಿಯಲ್ಲಿ ಕಲಿಯಬೇಕಾಯಿತು. ಈ ಬಾರಿ ರೋಗ ತಗಲಿದ್ದು ಮನುಷ್ಯರಿಗಲ್ಲ, ಮನೆಯ ಕಂಪ್ಯೂಟರಿಗೆ.

ಆ ಮನೆಯ ಹಿರಿಯರು ನಿವೃತ್ತ ಉಪಾಧ್ಯಾಯರು. ತಮ್ಮ ತಾಯಿಯೂ ಸೋದರತ್ತೆಯರೂ ಮದುವೆ ಮುಂಜಿಗಳಲ್ಲಿ ಹಾಡುತ್ತಿದ್ದ ಸಂಪ್ರದಾಯದ ಹಾಡುಗಳನ್ನು ಅವರು ಆರು ವರ್ಷಗಳಿಂದ ಸಂಗ್ರಹಿಸುತ್ತಿದ್ದರು. ಬರೆದಿಟ್ಟಿದ್ದ ಪುಸ್ತಕಗಳಿಗೆ ಗೆದ್ದಲು ಹಿಡಿದುದರಿಂದ, ಅಳಿದುಳಿದುದನ್ನೆಲ್ಲ ಕಂಪ್ಯೂಟರಿನಲ್ಲಿ ಟೈಪು ಮಾಡಿ ಒಂದು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದರು. ಅದಕ್ಕೆ ಬೇರೊಂದು ಪ್ರತಿ ಇರಲಿಲ್ಲ. ಒಂದು ಸಂಜೆ ಅವರು ಪೆನ್‌ಡ್ರೈವನ್ನು ತೆರೆದಾಗ ಹಾಡುಗಳ ಕಡತಗಳೊಂದೂ ಕಾಣಲಿಲ್ಲ. ಅವುಗಳ ಹೆಸರಿನಲ್ಲಿ, ಮೂಲೆಯಲ್ಲಿ ಸಣ್ಣ ಬಾಣದ ಗುರುತುಳ್ಳ ಬೇರೆ ಯಾವುವೋ ಚಿಹ್ನೆಗಳು ಇದ್ದುವು. ವೃದ್ಧರು ಮಾತನಾಡದೆ ಕುರ್ಚಿಗೆ ಒರಗಿದರು. ಹಾಡಿದವರಲ್ಲಿ ಈಗ ಯಾರೂ ಬದುಕಿರಲಿಲ್ಲ.

ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗನು ಗಾಬರಿಯಿಂದ ಅಂತರ್ಜಾಲದಲ್ಲಿ ಉಪಾಯವನ್ನು ಹುಡುಕತೊಡಗಿದನು. ಕೂಡಲೇ ಪರದೆಯ ಮೇಲೆ ಕೆಂಪಕ್ಷರದ ಪ್ರಕಟಣೆಯೊಂದು ಮೂಡಿತು: “ನಿಮ್ಮ ಕಂಪ್ಯೂಟರಿನಲ್ಲಿ ೩೧೨ ವೈರಸ್‌ಗಳಿವೆ! ಉಚಿತವಾಗಿ ತೆಗೆದುಹಾಕಲು ಇಲ್ಲಿ ಒತ್ತಿರಿ.” ಅವನು ಒತ್ತುವಷ್ಟರಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ತಂಗಿ ಅವನ ಕೈಯನ್ನು ಹಿಡಿದಳು.

“ಅಣ್ಣ, ಸ್ವಲ್ಪ ತಡೆ. ದಾರಿಯಲ್ಲಿ ಹೋಗುವವನೊಬ್ಬ ಗೇಟಿನ ಹೊರಗೇ ನಿಂತು, ನಿಮ್ಮ ಉಗ್ರಾಣದಲ್ಲಿ ಮುನ್ನೂರ ಹನ್ನೆರಡು ಇಲಿಗಳಿವೆ ಎಂದರೆ ನಂಬುತ್ತೀಯಾ? ಈ ಪುಟ ನಮ್ಮ ಕಂಪ್ಯೂಟರಿನ ಒಳಗನ್ನು ನೋಡಿಯೇ ಇಲ್ಲ. ಎಣಿಸಿದ್ದು ಯಾವಾಗ?”

ಅಣ್ಣನು ಕೈಯನ್ನು ಹಿಂದಕ್ಕೆ ತೆಗೆದನು. ಸ್ವಲ್ಪ ಹೊತ್ತಿನ ಮೇಲೆ ತಲೆತಗ್ಗಿಸಿ ನಿಜವನ್ನು ಹೇಳಿದನು. ಹಣ ಕೊಟ್ಟು ಕೊಳ್ಳಬೇಕಾದ ಆಟವೊಂದನ್ನು ಅವನು ಕಳ್ಳಪ್ರತಿಯಾಗಿ ಇಳಿಸಿಕೊಂಡಿದ್ದನು. ಅದನ್ನು ಸ್ಥಾಪಿಸುವ ಮೊದಲು ಕಂಪ್ಯೂಟರಿನ ರಕ್ಷಣಾ ತಂತ್ರಾಂಶವನ್ನು ನಿಲ್ಲಿಸಬೇಕೆಂದು ಅಲ್ಲಿ ಬರೆದಿತ್ತು, ಅವನು ನಿಲ್ಲಿಸಿದ್ದನು. ಮತ್ತೆ ಚಾಲನೆ ಮಾಡಲು ಮರೆತಿದ್ದನು. ಕಳ್ಳನ ಮಾತು ಕೇಳಿ ಕಾವಲುಗಾರನನ್ನು ಮನೆಗೆ ಕಳುಹಿಸಿದಂತಾಗಿತ್ತು.

ಮರುದಿನ ಹುಡುಗಿಯು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಉಪಾಧ್ಯಾಯಿನಿಯ ಬಳಿಗೆ ಹೋಗಿ ನಡೆದುದನ್ನು ವಿವರಿಸಿದಳು. ಅವರು ಹೇಳಿದ ಸಂಗತಿಗಳು ಕಂಪ್ಯೂಟರ್ ಉಳ್ಳ ಪ್ರತಿಯೊಂದು ಮನೆಯೂ ತಿಳಿದಿರಬೇಕಾದುವು.

ಕೇಡು ಮಾಡುವ ಉದ್ದೇಶದಿಂದಲೇ ರಚಿಸಿದ ತಂತ್ರಾಂಶಕ್ಕೆ ಕುತಂತ್ರಾಂಶವೆಂದು ಹೆಸರು. ವೈರಸ್ ಅದರ ಒಂದು ಬಗೆ ಮಾತ್ರ. ೧೯೮೬ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ ‘ಬ್ರೇನ್’ ಎಂಬ ವೈರಸ್ ಫ್ಲಾಪಿಗಳ ಮೂಲಕ ದೇಶ ದೇಶಗಳಿಗೆ ಹರಡಿತು. ಅಂದು ಫ್ಲಾಪಿ ಮಾಡಿದ ಕೆಲಸವನ್ನು ಇಂದು ಪೆನ್‌ಡ್ರೈವೂ ಇ-ಮೇಲೂ ಕಳ್ಳಪ್ರತಿಗಳೂ ಮಾಡುತ್ತಿವೆ. ಕೆಲವು ಕುತಂತ್ರಾಂಶಗಳು ಪಾಸ್‌ವರ್ಡುಗಳನ್ನು ಕದಿಯುತ್ತವೆ. ಕೆಲವು ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತವೆ. ೨೦೧೭ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಇಂತಹ ಸುಲಿಗೆಯ ತಂತ್ರಾಂಶವು ೧೫೦ಕ್ಕೂ ಹೆಚ್ಚು ದೇಶಗಳನ್ನು ಕಾಡಿತು. ಅದು ಬಳಸಿಕೊಂಡ ದೋಷವನ್ನು ಸರಿಪಡಿಸುವ ಪರಿಷ್ಕರಣವನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿಯೇ ಬಿಡುಗಡೆ ಮಾಡಿದ್ದಿತು. ಅದನ್ನು ಅಳವಡಿಸಿಕೊಂಡಿದ್ದವರ ಮನೆಯ ಆ ಬಾಗಿಲು ಮುಚ್ಚಿತ್ತು. ಉದಾಸೀನ ಮಾಡಿದವರದು ತೆರೆದೇ ಇತ್ತು.

ರಕ್ಷಣಾ ತಂತ್ರಾಂಶವು ಕುತಂತ್ರಾಂಶವನ್ನು ಮುಖ್ಯವಾಗಿ ಎರಡು ರೀತಿಗಳಲ್ಲಿ ಗುರುತಿಸುತ್ತದೆ. ಪೊಲೀಸರ ಬಳಿ ಹಳೆಯ ಕಳ್ಳರ ಬೆರಳಚ್ಚುಗಳಿರುವಂತೆ, ಅದರ ಬಳಿ ಈಗಾಗಲೇ ತಿಳಿದಿರುವ ಕುತಂತ್ರಾಂಶಗಳ ಲಕ್ಷಣಗಳ ಪಟ್ಟಿಯಿರುತ್ತದೆ. ಪ್ರತಿಯೊಂದು ಕಡತವನ್ನೂ ಆ ಪಟ್ಟಿಯೊಡನೆ ಹೋಲಿಸಿ ನೋಡುವುದು ಮೊದಲನೆಯ ರೀತಿ. ಹೊಸ ಕಳ್ಳನ ಬೆರಳಚ್ಚು ಪಟ್ಟಿಯಲ್ಲಿ ಇರುವುದಿಲ್ಲವಷ್ಟೆ. ಆದುದರಿಂದ, ಒಂದು ತಂತ್ರಾಂಶವು ಒಮ್ಮೆಲೇ ನೂರಾರು ಕಡತಗಳನ್ನು ಬದಲಿಸತೊಡಗಿದರೆ, ಆ ನಡತೆಯನ್ನೇ ಸಂಶಯಿಸಿ ತಡೆಯುವುದು ಎರಡನೆಯ ರೀತಿ. ಪಟ್ಟಿಯು ದಿನದಿನವೂ ಪರಿಷ್ಕೃತವಾಗದಿದ್ದರೆ ಎಂತಹ ತಂತ್ರಾಂಶವೂ ಕಣ್ಣು ಮಂಜಾದ ಕಾವಲುಗಾರನಂತೆ.

ಹಾಗಾದರೆ ಉಚಿತವಾಗಿ ದೊರೆಯುವವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಮೊದಲು ಮನೆಯಲ್ಲಿಯೇ ಇರುವುದನ್ನು ನೋಡಬೇಕು. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಈಚೆಗೆ ‘ಡಿಫೆಂಡರ್’ ಎಂಬ ರಕ್ಷಣಾ ತಂತ್ರಾಂಶವು ವಿಂಡೋಸಿನೊಳಗೇ ಸೇರಿ ಬರುತ್ತದೆ. ಅದನ್ನು ನಿಲ್ಲಿಸದೆ, ಪರಿಷ್ಕರಿಸುತ್ತಾ ಇದ್ದರೆ ಸಾಮಾನ್ಯ ಮನೆಗೆ ಅದೇ ಒಳ್ಳೆಯ ಕಾವಲು. ಬೇರೊಂದನ್ನು ಬಯಸುವವರು ಜಾಹೀರಾತನ್ನು ನಂಬದೆ, ಸ್ವತಂತ್ರ ಪರೀಕ್ಷಾ ಸಂಸ್ಥೆಗಳ ಫಲಿತಾಂಶವನ್ನು ನೋಡಬೇಕು. ಜರ್ಮನಿಯ ಮ್ಯಾಗ್ಡೆಬರ್ಗ್ ನಗರದ ಎವಿ-ಟೆಸ್ಟ್, ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದ ಎವಿ-ಕಂಪ್ಯಾರಟಿವ್ಸ್ ಎಂಬುವು ಅಂತಹ ಸಂಸ್ಥೆಗಳು. ಎವಿ-ಟೆಸ್ಟ್ ಮೂರು ವಿಷಯಗಳಿಗೆ ತಲಾ ೬ ಅಂಕಗಳನ್ನು ಇಟ್ಟಿದೆ: ಕೇಡನ್ನು ಎಷ್ಟರಮಟ್ಟಿಗೆ ತಡೆಯಿತು, ಕಂಪ್ಯೂಟರಿನ ವೇಗವನ್ನು ಎಷ್ಟು ಕುಗ್ಗಿಸಿತು, ನಿರಪರಾಧಿ ಕಡತಗಳ ಮೇಲೆ ಎಷ್ಟು ಸಲ ಸುಳ್ಳು ದೂರು ಹೊರಿಸಿತು. ಬರಹೋಗುವವರನ್ನೆಲ್ಲ ಕಳ್ಳರೆಂದು ಕೂಗುವ ಕಾವಲುಗಾರನನ್ನು ಮನೆಯವರು ಕೆಲವೇ ದಿನಗಳಲ್ಲಿ ಬಿಡಿಸಿಬಿಡುತ್ತಾರೆ. ಆದುದರಿಂದ ಮೂರನೆಯದೂ ಅಲ್ಪವಾದ ಗುಣವಲ್ಲ.

ಮುಂದಿನ ಪ್ರಶ್ನೆ ಇನ್ನೂ ಮುಖ್ಯವಾದುದು. ನಾವು ಸಂಬಳ ಕೊಡದ ಕಾವಲುಗಾರನಿಗೆ ಸಂಬಳ ಕೊಡುವವರು ಯಾರು? ಕೆಲವು ಸಂಸ್ಥೆಗಳು ಹಣ ಕೊಟ್ಟು ಕೊಳ್ಳುವ ಆವೃತ್ತಿಯ ಪರಿಚಯಕ್ಕಾಗಿ ಉಚಿತ ಆವೃತ್ತಿಯನ್ನು ನೀಡುತ್ತವೆ, ಇದರಲ್ಲಿ ತಪ್ಪಿಲ್ಲ. ಆದರೆ ಬೇಲಿಯೇ ಎದ್ದು ಹೊಲ ಮೇಯುವ ಸಂದರ್ಭಗಳೂ ಇವೆ. ಹೆಸರುವಾಸಿಯಾದ ಅವಾಸ್ಟ್ ಸಂಸ್ಥೆಯು ತನ್ನ ಬಳಕೆದಾರರು ಯಾವ ಯಾವ ಜಾಲತಾಣಗಳನ್ನು ನೋಡಿದರೆಂಬ ಮಾಹಿತಿಯನ್ನು ತನ್ನ ಅಂಗಸಂಸ್ಥೆಯೊಂದರ ಮೂಲಕ ಮಾರಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ೨೦೨೪ರಲ್ಲಿ ಆ ಸಂಸ್ಥೆಯು ೧ ಕೋಟಿ ೬೫ ಲಕ್ಷ ಡಾಲರ್ ತೆರಬೇಕೆಂದು ಆದೇಶವಾಯಿತು. ಆದುದರಿಂದ ಸ್ಥಾಪಿಸುವಾಗ ಬರುವ ಒಪ್ಪಿಗೆಯ ಪುಟಗಳನ್ನು ಓದದೆ ‘ಆಗಲಿ’ ಎನ್ನಬಾರದು. ತಂತ್ರಾಂಶವನ್ನು ತಯಾರಕರ ಸ್ವಂತ ಜಾಲತಾಣದಿಂದಲೇ ಪಡೆಯಬೇಕು; ಜಾಹೀರಾತಿನ ಗುಂಡಿಯಿಂದ ಎಂದಿಗೂ ಪಡೆಯಬಾರದು.

ಒಂದಕ್ಕಿಂತ ಎರಡು ಮೇಲೆಂಬುದು ಇಲ್ಲಿ ಸಲ್ಲದು. ಸದಾ ಎಚ್ಚರವಾಗಿರುವ ಎರಡು ರಕ್ಷಣಾ ತಂತ್ರಾಂಶಗಳು ಒಂದೇ ಕಂಪ್ಯೂಟರಿನಲ್ಲಿದ್ದರೆ ಒಂದನ್ನೊಂದು ಅಡ್ಡಗಟ್ಟಿ ಕೆಲಸ ಕೆಡಿಸುತ್ತವೆ. ಸಂಶಯ ಬಂದಾಗ ಮಾತ್ರ ಕರೆಯಬಹುದಾದ ಪರೀಕ್ಷಕ ತಂತ್ರಾಂಶಗಳಿವೆ. ಭಾರತ ಸರ್ಕಾರವು ೨೦೧೭ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವೂ ಇಂತಹ ಶುದ್ಧೀಕರಣ ಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ. ಮನೆಯ ವೈದ್ಯರೊಬ್ಬರು ಇದ್ದು, ಬೇಕಾದಾಗ ಮತ್ತೊಬ್ಬರ ಅಭಿಪ್ರಾಯವನ್ನು ಕೇಳಿದಂತೆ ಇದು.

ಉಪಾಧ್ಯಾಯಿನಿಯ ಮಾತಿನಂತೆ ಅಣ್ಣ ತಂಗಿಯರು ಆ ಸಂಜೆ ಕೆಲಸಕ್ಕೆ ತೊಡಗಿದರು. ಕಳ್ಳಪ್ರತಿಯ ಆಟವನ್ನು ಅಣ್ಣನೇ ತೆಗೆದುಹಾಕಿದನು. ಡಿಫೆಂಡರನ್ನು ಮತ್ತೆ ಚಾಲನೆ ಮಾಡಿ, ಪರಿಷ್ಕರಿಸಿ, ಕಂಪ್ಯೂಟರನ್ನು ಪೂರ್ತಿಯಾಗಿ ಪರೀಕ್ಷಿಸಿದರು. ಕುತಂತ್ರಾಂಶವು ಸಿಕ್ಕಿಬಿದ್ದಿತು. ಅದನ್ನು ಅಳಿಸಿ, ವಿಂಡೋಸ್ ಪುನರಾರಂಭವಾಗುವ ಮೊದಲೇ ನಡೆಯುವ ಇನ್ನೊಂದು ಪರೀಕ್ಷೆಯನ್ನೂ ಮಾಡಿದರು. ಬಳಿಕ ಪೆನ್‌ಡ್ರೈವನ್ನು ಸೇರಿಸಿ ಅದನ್ನೂ ಶುದ್ಧಗೊಳಿಸಿ, ಮರೆಯಾದ ಕಡತಗಳನ್ನು ತೋರಿಸುವಂತೆ ಕಂಪ್ಯೂಟರಿಗೆ ಸೂಚಿಸಿದರು. ತಾತನ ಹಾಡುಗಳು ಒಂದೊಂದಾಗಿ ಪರದೆಯ ಮೇಲೆ ಕಾಣಿಸಿಕೊಂಡುವು. ಕುತಂತ್ರಾಂಶವು ಅವುಗಳನ್ನು ಅಳಿಸಿರಲಿಲ್ಲ. ಮರೆಮಾಡಿ, ಅವುಗಳ ವೇಷದಲ್ಲಿ ತಾನು ಕುಳಿತಿತ್ತು.

ತಾತನು ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದು, “ಮಗು, ಗೆದ್ದಲು ಒಂದು ಸಲ ಹೇಳಿಕೊಟ್ಟಿತ್ತು, ನಾನು ಕಲಿಯಲಿಲ್ಲ” ಎಂದರು. ಅಂದಿನಿಂದ ಹಾಡುಗಳ ಮೂರು ಪ್ರತಿಗಳಿವೆ: ಒಂದು ಕಂಪ್ಯೂಟರಿನಲ್ಲಿ, ಒಂದು ಬೀರುವಿನಲ್ಲಿಟ್ಟ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲಿ. ಕಡತಗಳು ಮರೆಯಾಗುವುದರ ಬದಲು ಅವುಗಳಿಗೆ ಬೀಗ ಬಿದ್ದಿದ್ದರೆ ಯಾವ ಕಾವಲುಗಾರನೂ ಅವುಗಳನ್ನು ಮರಳಿ ತಂದುಕೊಡುತ್ತಿದ್ದನೆಂಬ ಭರವಸೆಯಿರಲಿಲ್ಲ. ಬೇರೆಡೆಯಲ್ಲಿರಿಸಿದ ಪ್ರತಿಯೊಂದೇ ಆಗ ದಿಕ್ಕು.

ಇಷ್ಟೆಲ್ಲವೂ ನಮ್ಮ ಮನೆಯೊಂದರ ವಿಷಯವೆಂದು ತಿಳಿಯಬಾರದು. ಸೋಂಕು ತಗಲಿದ ಕಂಪ್ಯೂಟರು ಒಡೆಯನಿಗೆ ತಿಳಿಯದಂತೆಯೇ ಇತರರಿಗೆ ಸೋಂಕನ್ನು ಹಂಚುತ್ತದೆ. ದೂರದ ಕಳ್ಳನ ಆಜ್ಞೆಯಂತೆ ಬೇರೆಯವರ ಮೇಲೆ ದಾಳಿಯನ್ನೂ ನಡೆಸಬಲ್ಲುದು. ಪ್ಲೇಗಿನ ಕಾಲದಲ್ಲಿ ಒಂದು ಮನೆಯ ಕೊಳೆ ಇಡೀ ಬೀದಿಯ ಅಪಾಯವಾಗಿದ್ದಿತು. ನಮ್ಮ ಕಂಪ್ಯೂಟರನ್ನು ಶುಚಿಯಾಗಿಟ್ಟುಕೊಳ್ಳುವುದು ನೆರೆಯವರಿಗೆ ನಾವು ಸಲ್ಲಿಸಬೇಕಾದ ಕರ್ತವ್ಯವೂ ಆಗಿದೆ. ಒಳ್ಳೆಯ ಕಾವಲುಗಾರನು ಉಚಿತವಾಗಿ ದೊರೆತಾನು. ಮನೆಯವರ ಎಚ್ಚರವನ್ನು ಮಾತ್ರ ಮನೆಯವರೇ ಒದಗಿಸಬೇಕು.