ಗರಿಷ್ಠ, ಕನಿಷ್ಠ: ಅಡಿಕೆ ಧಾರಣೆಯಿಂದ ಕೈತೋಟದ ಬೇಲಿಯವರೆಗೆ



ಗರಿಷ್ಠ ಎಂದರೆ ಎಲ್ಲಕ್ಕಿಂತ ಹೆಚ್ಚಿನದು. ಕನಿಷ್ಠ ಎಂದರೆ ಎಲ್ಲಕ್ಕಿಂತ ಕಡಿಮೆಯದು. ಈ ಎರಡು ಶಬ್ದಗಳು ಗಣಿತ ಪುಸ್ತಕದಲ್ಲಿ ಬರುವ ಮೊದಲೇ ನಮ್ಮ ಮನೆಗಳಿಗೆ ಬಂದಿವೆ. ಪೇಪರಿನಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮಾರುಕಟ್ಟೆಯ ಅಡಿಕೆ ಧಾರಣೆ ಬರುತ್ತದಲ್ಲ, ಅಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂಬ ಹೆಸರುಗಳ ಮುಂದೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಬರೆದಿರುತ್ತದೆ. ದೊಡ್ಡವರು ಚಹಾ ಕುಡಿಯುತ್ತಾ ಮೊದಲು ಓದುವುದೇ ಅದನ್ನು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

1. ಪಟ್ಟಿಯಲ್ಲಿ ಹುಡುಕುವುದು

ಒಂದು ದಿನ ಚಾಲಿಯ 8 ಲಾಟು ಮಾರಾಟವಾಯಿತು ಎಂದುಕೊಳ್ಳೋಣ. ಕಿಲೋಗೆ ದರ ಹೀಗಿದೆ (ಲೆಕ್ಕಕ್ಕೆಂದು ನಾನೇ ಹಾಕಿಕೊಂಡ ಸಂಖ್ಯೆಗಳು):

310, 345, 290, 352, 338, 346, 340, 349

ಗರಿಷ್ಠ ಹುಡುಕಲು ಮೊದಲನೆಯದನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಬೇಕು. ಮುಂದೆ ಅದಕ್ಕಿಂತ ದೊಡ್ಡದು ಸಿಕ್ಕರೆ ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯಬೇಕು. 8 ಸಂಖ್ಯೆ ಇದ್ದರೆ 7 ಸಲ ಹೋಲಿಸಿದರೆ ಸಾಕು. ಉತ್ತರ 352. ಉಳಿದ 7 ಸಂಖ್ಯೆಗಳಲ್ಲಿ ಕನಿಷ್ಠ ಹುಡುಕಲು ಇನ್ನೂ 6 ಸಲ. ಅದು 290. ಒಟ್ಟು 13 ಸಲ ಹೋಲಿಸಿದಂತಾಯಿತು.

ಇದಕ್ಕಿಂತ ಸುಲಭದ ದಾರಿ ಒಂದಿದೆ. ಮೊದಲು ಎರಡೆರಡು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ದೊಡ್ಡದನ್ನು ಒಂದು ಕಡೆ, ಸಣ್ಣದನ್ನು ಇನ್ನೊಂದು ಕಡೆ ಬರೆಯಿರಿ. ಇದಕ್ಕೆ 4 ಹೋಲಿಕೆ. ದೊಡ್ಡವು 345, 352, 346, 349. ಇವುಗಳಲ್ಲಿ ಗರಿಷ್ಠಕ್ಕೆ 3 ಹೋಲಿಕೆ. ಸಣ್ಣವು 310, 290, 338, 340. ಇವುಗಳಲ್ಲಿ ಕನಿಷ್ಠಕ್ಕೆ 3 ಹೋಲಿಕೆ. ಒಟ್ಟು 10 ಆಯಿತು! ಜೋಡಿಯಲ್ಲಿ ಸೋತದ್ದು ಗರಿಷ್ಠ ಆಗುವುದು ಸಾಧ್ಯವೇ ಇಲ್ಲ, ಗೆದ್ದದ್ದು ಕನಿಷ್ಠ ಆಗುವುದೂ ಸಾಧ್ಯವಿಲ್ಲ. ಅದಕ್ಕೇ ಕೆಲಸ ಕಡಿಮೆ. ತರಗತಿಯಲ್ಲಿ 8 ಮಕ್ಕಳನ್ನು ನಿಲ್ಲಿಸಿ ಎತ್ತರ ನೋಡುವಾಗ ಇದನ್ನು ಮಾಡಿ ನೋಡಿ.

ಈಗ ಮುಖ್ಯ ಮಾತು. ಪೇಪರಿನ ಗರಿಷ್ಠ ದರ ನೋಡಿ "ನಮ್ಮ ಅಡಿಕೆಗೂ ಅಷ್ಟೇ ಸಿಗ್ತದೆ" ಅಂತ ಸಾಲದ ಲೆಕ್ಕ ಹಾಕಿಬಿಡುವವರಿದ್ದಾರೆ. ಆದರೆ ಗರಿಷ್ಠ ಸಿಕ್ಕಿದ್ದು ಒಂದೇ ಲಾಟಿಗೆ ಇರಬಹುದು. ಮೇಲಿನ 8 ದರಗಳ ಮೊತ್ತ 2,670. ಸರಾಸರಿ 333 ರೂಪಾಯಿ 75 ಪೈಸೆ. ಮನೆಯಲ್ಲಿ 2 ಕ್ವಿಂಟಲ್ ಅಂದರೆ 200 ಕಿಲೋ ಇದ್ದರೆ, ಗರಿಷ್ಠಕ್ಕೂ ಸರಾಸರಿಗೂ 3,650 ರೂಪಾಯಿ ವ್ಯತ್ಯಾಸ. ನಮ್ಮದೇ ಕನಿಷ್ಠದ ಲಾಟಾದರೆ ವ್ಯತ್ಯಾಸ 12,400 ರೂಪಾಯಿ! ಆದ್ದರಿಂದ ಸೊಸೈಟಿಯ ಕಂತು, ಅಕ್ಕನ ಕಾಲೇಜಿನ ಫೀ ಇವನ್ನೆಲ್ಲ ಗರಿಷ್ಠ ದರದ ಮೇಲೆ ನಂಬಿ ಕೂರಬಾರದು. ಗರಿಷ್ಠ, ಕನಿಷ್ಠ ಎಂದರೆ ಗದ್ದೆಯ ಎರಡು ಬದಿಯ ಹಾಳಿ ಇದ್ದಂತೆ. ನಾವು ನಡುವೆ ಎಲ್ಲಿದ್ದೇವೆ ಎಂದು ಅವು ಹೇಳುವುದಿಲ್ಲ.

2. ಬೇಲಿ ಒಂದೇ, ಜಾಗ ಬೇರೆ

ಪಟ್ಟಿ ಕೈಯಲ್ಲಿದ್ದರೆ ಹುಡುಕಬಹುದು. ಪಟ್ಟಿಯೇ ಇಲ್ಲದಿದ್ದರೆ? ನಮ್ಮ ಶಾಲೆಯ ಕೈತೋಟದ ವಿಷಯ ಹಾಗೇ ಇದೆ. ಬೇಲಿಗೆ ಇರುವುದು 24 ಮೀಟರ್ ಬಲೆ ಮಾತ್ರ. ಹೆಚ್ಚಿಗೆ ಕೊಳ್ಳಲು ದುಡ್ಡಿಲ್ಲ. ಬೇಲಿಯ ಒಳಗೆ ಬೆಳೆದ ಹರಿವೆ, ಬಸಳೆ, ಬೆಂಡೆ ನಮ್ಮ ಬಿಸಿಯೂಟದ ಸಾರಿಗೆ. ಹೊರಗೆ ಬೆಳೆದದ್ದು ದನ ಮತ್ತು ಕೋಳಿಗೆ. (ಮಂಗನಿಗೆ ಬೇಲಿ ಲೆಕ್ಕಕ್ಕೇ ಇಲ್ಲ, ಅದರ ವಿಷಯ ಬಿಡಿ.) ಹಾಗಾದರೆ 24 ಮೀಟರಿನಲ್ಲಿ ಗರಿಷ್ಠ ಜಾಗ ಎಷ್ಟು?

ಉದ್ದ ಮತ್ತು ಅಗಲ ಸೇರಿ 12 ಮೀಟರ್ ಆಗಬೇಕು.

11 × 1 = 11 ಚದರ ಮೀಟರ್
10 × 2 = 20
9 × 3 = 27
8 × 4 = 32
7 × 5 = 35
6 × 6 = 36

ಎಲ್ಲದಕ್ಕೂ ಬೇಲಿ 24 ಮೀಟರೇ. ಜಾಗ ಮಾತ್ರ 11ರಿಂದ 36ರವರೆಗೆ! ಜಮೀನು ಹಿಸ್ಸೆ ಮಾಡುವಾಗ ಸುತ್ತ ನಡೆದು ಹೆಜ್ಜೆ ಎಣಿಸಿ "ಇಬ್ಬರದ್ದೂ ಸಮ" ಎಂದರೆ ಒಪ್ಪಬಾರದು ಎಂಬುದು ಇದರಿಂದ ತಿಳಿಯುತ್ತದೆ. ಸುತ್ತಳತೆ ಸಮ ಇದ್ದರೂ ಪಟ್ಟಿಯಂಥ ಜಾಗ ಸಿಕ್ಕವರಿಗೆ ಮೋಸ.

36ಕ್ಕೆ ಎಷ್ಟೆಷ್ಟು ಕಡಿಮೆ ಬಿತ್ತು ನೋಡಿ: 25, 16, 9, 4, 1, 0. ಎಲ್ಲವೂ ವರ್ಗ ಸಂಖ್ಯೆಗಳು! ಏಕೆ ಹೀಗೆ? ಚೌಕಳಿ ಹಾಳೆಯಿಂದ 6 × 6 ಚೌಕ ಕತ್ತರಿಸಿ. ಒಂದು ಬದಿಯಿಂದ 1 ಮನೆ ಅಗಲದ ಪಟ್ಟಿ ತೆಗೆಯಿರಿ. ಪಟ್ಟಿಯಲ್ಲಿ 6 ಮನೆ ಇದೆ, ಉಳಿದ ತುಂಡು 6 × 5. ಈಗ ಆ ಪಟ್ಟಿಯನ್ನು 5 ಮನೆಯ ಬದಿಗೆ ಅಂಟಿಸಿ. 7 × 5 ಆಯಿತು, ಆದರೆ 1 ಮನೆ ಹೊರಗೆ ಉಳಿಯಿತು. 2 ಮನೆ ಅಗಲದ ಪಟ್ಟಿ ತೆಗೆದರೆ 2 × 2 = 4 ಮನೆ ಉಳಿಯುತ್ತದೆ. ಚೌಕದಿಂದ ಎಷ್ಟು ದೂರ ಹೋದೆವೋ ಅದರ ವರ್ಗದಷ್ಟು ನಷ್ಟ. ಆರೂವರೆ, ಐದೂವರೆ ಮಾಡಿದರೂ ಕಾಲು ಚದರ ಮೀಟರ್ ನಷ್ಟವೇ. ವರ್ಗ ಎಂದೂ ಸೊನ್ನೆಗಿಂತ ಕಡಿಮೆ ಆಗುವುದಿಲ್ಲ. ಹಾಗಾಗಿ ಎಲ್ಲಾ ಅಳತೆ ಪರೀಕ್ಷೆ ಮಾಡದೆಯೂ 36 ಗರಿಷ್ಠ ಎಂದು ಧೈರ್ಯದಿಂದ ಹೇಳಬಹುದು. ಸುಮಾರು 2,300 ವರ್ಷಗಳ ಹಿಂದೆ ಯೂಕ್ಲಿಡ್ ತನ್ನ ರೇಖಾಗಣಿತದ ಎರಡನೇ ಭಾಗದಲ್ಲಿ ಈ ಮಾತನ್ನು ಸಾಧಿಸಿ ತೋರಿಸಿದ್ದಾನೆ.

ಇದನ್ನೇ ತಿರುಗಿಸಿದರೆ ಕನಿಷ್ಠ ಸಿಗುತ್ತದೆ. 36 ಚದರ ಮೀಟರ್ ಜಾಗಕ್ಕೆ 18 × 2 ಮಾಡಿದರೆ ಬೇಲಿ 40 ಮೀಟರ್, 12 × 3ಕ್ಕೆ 30, 9 × 4ಕ್ಕೆ 26, 6 × 6ಕ್ಕೆ 24. ಗರಿಷ್ಠ ಜಾಗ ಕೊಡುವ ಆಯತವೇ ಕನಿಷ್ಠ ಬೇಲಿ ಕೇಳುವ ಆಯತ.

3. ಗೋಡೆ ಇದ್ದರೆ ಲೆಕ್ಕವೇ ಬೇರೆ

ಬರುವ ಶನಿವಾರ ಮೈದಾನದ ಬದಿಯಲ್ಲಿ 6 × 6 ಚೌಕಕ್ಕೆ ಗೂಟ ಹೊಡೆಯುವುದೆಂದು ಮಾತಾಗಿದೆ. ಅದಕ್ಕೆ ಮೊದಲು ಎಲ್ಲರೂ ಇದನ್ನೊಮ್ಮೆ ಓದಬೇಕು ಎಂದು ನನ್ನ ಆಸೆ. ನಮ್ಮ ಶಾಲೆಯ ಹಿಂದಿನ ಗೋಡೆ 18 ಮೀಟರ್ ಉದ್ದ ಇದೆ. ಆ ಗೋಡೆಯನ್ನೇ ಒಂದು ಬದಿ ಮಾಡಿಕೊಂಡರೆ ಬಲೆ ಮೂರು ಬದಿಗೆ ಮಾತ್ರ ಸಾಕು.

ಅಗಲ 4, ಉದ್ದ 16: 64 ಚದರ ಮೀಟರ್
ಅಗಲ 5, ಉದ್ದ 14: 70
ಅಗಲ 6, ಉದ್ದ 12: 72
ಅಗಲ 7, ಉದ್ದ 10: 70
ಅಗಲ 8, ಉದ್ದ 8: 64

ಅದೇ ಬಲೆ, ಜಾಗ 36ರಿಂದ 72, ಅಂದರೆ ಸರಿಯಾಗಿ ಎರಡು ಪಟ್ಟು! ಇಲ್ಲಿ ಚೌಕ ಗೆಲ್ಲಲಿಲ್ಲ ಎಂಬುದನ್ನೂ ಗಮನಿಸಿ. ಕಾರಣ ಹೀಗಿದೆ. ಗೋಡೆಯನ್ನು ಕನ್ನಡಿ ಎಂದುಕೊಳ್ಳಿ. ತೋಟ ಮತ್ತು ಅದರ ಪ್ರತಿಬಿಂಬ ಸೇರಿ ಒಂದು ದೊಡ್ಡ ತೋಟ, ಬೇಲಿ 48 ಮೀಟರ್. ಅದರಲ್ಲಿ ಗರಿಷ್ಠ 12 × 12 ಚೌಕ. ಅದರ ಅರ್ಧವೇ 12 × 6. ಚೌಕ ಎಲ್ಲಿಗೂ ಹೋಗಿಲ್ಲ, ಅರ್ಧ ಕನ್ನಡಿಯೊಳಗಿದೆ ಅಷ್ಟೆ.

"ಗೋಡೆ ಬುಡದಲ್ಲಿ ಮಾಡಿನ ನೀರು ಬಿದ್ದು ಗಿಡ ಕೊಳೆಯುವುದಿಲ್ವಾ?" ಎಂದು ಕೇಳಬಹುದು. ನಮ್ಮ ಕಡೆ ಮಳೆಗೆ ಅದು ನಿಜ. ಗೋಡೆ ಪಕ್ಕ 1 ಮೀಟರ್ ಹಾದಿ ಬಿಡೋಣ. ಆಗ 6 ಮೀಟರ್ ಅಗಲದಲ್ಲಿ ಗಿಡಕ್ಕೆ ಸಿಗುವುದು 5 × 12 = 60. ಅಗಲ 7 ಮಾಡಿದರೆ 6 × 10 = 60. ನಡುವಿನ ಆರೂವರೆ ಮಾಡಿದರೆ 5.5 × 11 = 60.5. ಶರತ್ತು ಬದಲಾದರೆ ಗರಿಷ್ಠದ ಜಾಗವೂ ಸರಿಯುತ್ತದೆ! ಹಾದಿ ಬಿಟ್ಟರೂ 36ಕ್ಕಿಂತ 24.5 ಚದರ ಮೀಟರ್ ಹೆಚ್ಚು. ಅಷ್ಟರಲ್ಲಿ ಎಷ್ಟು ಸಾಲು ಬೆಂಡೆ ಹಾಕಬಹುದು, ನೀವೇ ಯೋಚಿಸಿ.

4. ಜೇನಿನ ಲೆಕ್ಕ

ಆಯತ ಬಿಟ್ಟು ವೃತ್ತ ಮಾಡಿದರೆ 24 ಮೀಟರಿನಲ್ಲಿ ಸುಮಾರು 45.8 ಚದರ ಮೀಟರ್ ಸಿಗುತ್ತದೆ. ಆದರೆ ವೃತ್ತಗಳನ್ನು ಪಕ್ಕ ಪಕ್ಕ ಇಟ್ಟರೆ ನಡುವೆ ಸಂದಿ ಉಳಿಯುತ್ತದೆ. ಸಂದಿ ಇಲ್ಲದೆ ಕೂಡುವ ಸಮಬಾಹು ಆಕೃತಿಗಳು ಮೂರೇ: ತ್ರಿಭುಜ, ಚೌಕ, ಷಡ್ಭುಜ. 36 ಚದರ ಮೀಟರಿಗೆ ತ್ರಿಭುಜದ ಸುತ್ತಳತೆ ಸುಮಾರು 27.4 ಮೀಟರ್, ಚೌಕದ್ದು 24, ಷಡ್ಭುಜದ್ದು ಸುಮಾರು 22.3. ತುಡುವೆ ಜೇನಿನ ರೊಟ್ಟು ನೋಡಿದ್ದೀರಲ್ಲ, ಕಣ್ಣುಗಳೆಲ್ಲ ಷಡ್ಭುಜ. ಕನಿಷ್ಠ ಮೇಣ, ಗರಿಷ್ಠ ತುಪ್ಪ! ಸಮ ಜಾಗದ ಕೋಣೆಗಳನ್ನು ಮಾಡಲು ಇದಕ್ಕಿಂತ ಕಡಿಮೆ ಗೋಡೆಯ ಆಕೃತಿ ಬೇರೆ ಇಲ್ಲ ಎಂದು ಅಮೆರಿಕದ ಥಾಮಸ್ ಹೇಲ್ಸ್ 1999ರಲ್ಲಿ ಸಾಧಿಸಿದರು.

ನಿಮಗೊಂದು ಪ್ರಶ್ನೆ: ಮನೆಯ ಗೋಡೆ ಮತ್ತು ಕೊಟ್ಟಿಗೆಯ ಗೋಡೆ ಲಂಬವಾಗಿ ಸೇರುವ ಮೂಲೆ ಇದೆ. ಎರಡೂ ಗೋಡೆ ಸಾಕಷ್ಟು ಉದ್ದ ಇವೆ. ಅದೇ 24 ಮೀಟರ್ ಬಲೆಯನ್ನು ಎರಡೇ ಬದಿಗೆ ಹಾಕಿ ಆಯತ ಮಾಡಿದರೆ ಗರಿಷ್ಠ ಜಾಗ ಎಷ್ಟು? ಸುಳಿವು: ಎರಡು ಕನ್ನಡಿ. ಉತ್ತರವನ್ನು ಚೀಟಿಯಲ್ಲಿ ಬರೆದು ಕೊಡಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಶನಿವಾರ ಬರುವಾಗ ಅಳತೆ ಪಟ್ಟಿ ಇದ್ದವರು ತನ್ನಿ. ಗೂಟ ಹೊಡೆಯುವ ಮೊದಲು ಹಿಂದಿನ ಗೋಡೆಯ ಹತ್ತಿರ ಒಮ್ಮೆ ಅಳೆದು ನೋಡೋಣ.

— ಏಳನೇ ತರಗತಿ